ವಿಮಾನದ ಟಿಕೆಟ್ ಯಾವಾಗ ಬುಕ್ ಮಾಡಿದರೆ ಅಗ್ಗ? ಹಾಸನ, ಚಿಕ್ಕಮಗಳೂರಿನವರಿಗೊಂದು ಲೆಕ್ಕ

"ಮಂಗಳವಾರ ಮಧ್ಯರಾತ್ರಿ ಬುಕ್ ಮಾಡಿದರೆ ಅಗ್ಗವಂತೆ, ಹೌದಾ?" "ಮೂರು ತಿಂಗಳು ಮೊದಲೇ ಮಾಡಿಬಿಡಬೇಕಾ, ಕೊನೇ ಗಳಿಗೆಯಲ್ಲಿ ಇಳಿಯುತ್ತಾ?" "ನಿನ್ನೆ ನೋಡಿದಾಗ ಕಡಿಮೆ ಇತ್ತು, ಇವತ್ತು ಏರಿದೆ. ನಾನು ನೋಡಿದ್ದಕ್ಕೇ ಏರಿಸಿದರಾ?" ಓದುಗರಿಂದ ಮತ್ತೆ ಮತ್ತೆ ಬರುವುದು ಈ ಮೂರೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಚುಟುಕು ಉತ್ತರ ಇದು. ದೇಶದೊಳಗೆ ಸಾಮಾನ್ಯ ದಿನಗಳ ಪ್ರಯಾಣಕ್ಕೆ ಮೂರರಿಂದ ಎಂಟು ವಾರ ಮೊದಲು ಬುಕ್ ಮಾಡಿ. ಹಬ್ಬ, ಬೇಸಿಗೆ ರಜೆ, ವರ್ಷಾಂತ್ಯಕ್ಕೆ ಎರಡೂವರೆಯಿಂದ ನಾಲ್ಕು ತಿಂಗಳು. ಗಲ್ಫ್ ದೇಶಗಳಿಗೆ ಒಂದೂವರೆಯಿಂದ ಮೂರು ತಿಂಗಳು. ಅಮೆರಿಕ, ಯುರೋಪಿಗೆ ಮೂರರಿಂದ ಆರು ತಿಂಗಳು. ಇದು ಶಾಸನವಲ್ಲ, ಕೆಲಸಕ್ಕೆ ಬರುವ ಅಂದಾಜು. ನಮ್ಮ ಎರಡು ಜಿಲ್ಲೆಯವರಿಗೆ ಲೆಕ್ಕ ಇಲ್ಲಿಗೇ ಮುಗಿಯುವುದೂ ಇಲ್ಲ. ಹಾಸನದ ಬೂವನಹಳ್ಳಿಯ ಹೊಸ ನಿಲ್ದಾಣದಿಂದ ವಿಮಾನ ಹಾರುವ ದಿನ ಬರುವವರೆಗೂ ನಾವು ಘಾಟಿ ಇಳಿದೋ ನೆಲಮಂಗಲ ದಾಟಿಯೋ ವಿಮಾನ ಹತ್ತಬೇಕು. ಟಿಕೆಟ್‌ನಲ್ಲಿ ಉಳಿಸಿದ್ದನ್ನು ದಾರಿಯಲ್ಲಿ ಕಳೆದುಕೊಳ್ಳುವವರೇ ಜಾಸ್ತಿ.

ಬುಕ್ ಮಾಡಲು ಕೂರುವ ಮೊದಲು ಕೈಯಲ್ಲಿ ಇರಬೇಕಾದ್ದು: ಪ್ರಯಾಣಿಕರೆಲ್ಲರ ಆಧಾರ್ ಅಥವಾ ಪಾಸ್‌ಪೋರ್ಟ್, ಎರಡು ಮೂರು ದಿನ ಹಿಂದೆ ಮುಂದೆ ಮಾಡಬಹುದಾದ ತಾರೀಕು, ಒಂದು ಹಾಳೆ, ಪೆನ್ನು. ಹಾಳೆ ಯಾಕೆಂದು ಮುಂದೆ ತಿಳಿಯುತ್ತದೆ.

1. ದರ ಏರುವುದು ಹೇಗೆಂದು ಮೊದಲು ತಿಳಿಯಿರಿ

ಒಂದೇ ವಿಮಾನದ ಎಲ್ಲ ಸೀಟಿಗೂ ಒಂದೇ ಬೆಲೆ ಇರುವುದಿಲ್ಲ. 180 ಸೀಟಿನ ವಿಮಾನವಾದರೆ ಕಂಪನಿ ಆ ಸೀಟುಗಳನ್ನು ಹಲವು ದರದ ಗುಂಪುಗಳಾಗಿ ಹಂಚಿಡುತ್ತದೆ. ಇದನ್ನೇ 'ಫೇರ್ ಬಕೆಟ್' ಅನ್ನುತ್ತಾರೆ. ಅತಿ ಅಗ್ಗದ ಗುಂಪಿನಲ್ಲಿ ಕೆಲವೇ ಸೀಟು. ಅವು ಖಾಲಿಯಾದರೆ ಮೇಲಿನ ಗುಂಪು ತೆರೆಯುತ್ತದೆ, ಅದೂ ಮುಗಿದರೆ ಅದರ ಮೇಲಿನದು. ಎಷ್ಟು ಸೀಟು ಯಾವ ಗುಂಪಿಗೆ ಎಂಬುದನ್ನು ಕಂಪನಿಯ ಕಂಪ್ಯೂಟರ್ ಬೇಡಿಕೆ ನೋಡಿಕೊಂಡು ದಿನಕ್ಕೆ ಹಲವು ಸಲ ಬದಲಿಸುತ್ತದೆ. ಬೇಡಿಕೆ ಇಲ್ಲದಿದ್ದರೆ ಮುಚ್ಚಿದ ಅಗ್ಗದ ಗುಂಪು ಮತ್ತೆ ತೆರೆಯುವುದೂ ಉಂಟು. ನಿನ್ನೆ ಇದ್ದ ದರ ಇವತ್ತು ಇಲ್ಲದ್ದಕ್ಕೆ ಕಾರಣ ಇಷ್ಟೇ. ನೀವು ಹುಡುಕಿದ್ದನ್ನು ನೆನಪಿಟ್ಟುಕೊಂಡು ನಿಮಗೊಬ್ಬರಿಗೇ ಏರಿಸುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಮೊಬೈಲ್‌ನಲ್ಲಿ ಇನ್‌ಕಾಗ್ನಿಟೋ, ಅಂದರೆ ಹುಡುಕಿದ್ದು ದಾಖಲಾಗದ ಕಿಟಕಿ ತೆರೆದು ನೋಡುವವರು ನೋಡಿ, ನಷ್ಟವೇನಿಲ್ಲ, ಲಾಭವೂ ಇಲ್ಲ. ಮಂಗಳವಾರ ಮಧ್ಯರಾತ್ರಿಯ ಕಥೆಯೂ ಹೀಗೆಯೇ. ನಿದ್ದೆಗೆಡಬೇಡಿ.

ಇದರಿಂದ ಒಂದು ಉಪಾಯ ಹೊರಡುತ್ತದೆ. ನಾಲ್ಕು ಜನಕ್ಕೆ ಒಟ್ಟಿಗೆ ಹುಡುಕಿದಾಗ ಅಗ್ಗದ ಗುಂಪಿನಲ್ಲಿ ಎರಡೇ ಸೀಟು ಉಳಿದಿದ್ದರೆ, ಸಾಮಾನ್ಯವಾಗಿ ನಾಲ್ವರಿಗೂ ಮೇಲಿನ ಗುಂಪಿನ ದರವನ್ನೇ ತೋರಿಸುತ್ತದೆ. ಆದ್ದರಿಂದ ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ನಂತರ ನಾಲ್ವರಿಗೆ. ತಲಾ ದರ ಎಲ್ಲಿ ಜಿಗಿಯುತ್ತದೋ ಅಲ್ಲಿ ಬುಕಿಂಗ್ ಎರಡು ಮಾಡಿ.

ಎಚ್ಚರ: ಚಿಕ್ಕ ಮಕ್ಕಳನ್ನು ದೊಡ್ಡವರೊಬ್ಬರ ಜೊತೆ ಒಂದೇ ಬುಕಿಂಗ್‌ನಲ್ಲಿ ಇಡಲೇಬೇಕು. ಎರಡು ಬುಕಿಂಗ್ ಎಂದರೆ ಎರಡು ಪಿಎನ್ಆರ್, ಅಂದರೆ ಟಿಕೆಟ್‌ನ ಆರು ಅಕ್ಷರ-ಅಂಕಿಯ ಗುರುತು. ವಿಮಾನದ ಸಮಯ ಬದಲಾದರೆ ಎರಡನ್ನೂ ಪ್ರತ್ಯೇಕವಾಗಿ ಸರಿಪಡಿಸಿಕೊಳ್ಳಬೇಕು. ವಯಸ್ಸಾದ ತಂದೆ ತಾಯಿಯನ್ನು ಕರೆದುಕೊಂಡು ಹೋಗುವಾಗ ನೂರಿನ್ನೂರು ರೂಪಾಯಿಗೆ ಈ ರಗಳೆ ಬೇಡ.

ಸರ್ಕಾರ ದರ ನಿಗದಿ ಮಾಡುವುದಿಲ್ಲವೇ ಎಂದೂ ಕೇಳುತ್ತಾರೆ. ಸಾಮಾನ್ಯ ದಿನಗಳಲ್ಲಿ ಇಲ್ಲ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್ 31ರವರೆಗೆ, ದೇಶದೊಳಗಿನ ಹಾರಾಟಕ್ಕೆ ಮಿತಿ ಇತ್ತು. ಆಮೇಲೆ ಅದನ್ನು ತೆಗೆದುಹಾಕಿದರು.

2. ಯಾವ ನಿಲ್ದಾಣ ಎಂದು ತೀರ್ಮಾನಿಸಿ

ಎಲ್ಲರೂ ಕಣ್ಣುಮುಚ್ಚಿ ಬೆಂಗಳೂರು ಎಂದು ಒತ್ತುತ್ತಾರೆ. ಬಹಳ ಸಲ ಅದೇ ಸರಿ, ಯಾಕೆಂದರೆ ಅಲ್ಲಿ ವಿಮಾನಗಳು ಹೆಚ್ಚು, ಪೈಪೋಟಿ ಹೆಚ್ಚು, ಆದ್ದರಿಂದ ಟಿಕೆಟ್ ಅಗ್ಗ. ಆದರೆ ಹಾಸನದಿಂದ ದೇವನಹಳ್ಳಿಗೆ ಸುಮಾರು 200 ಕಿಲೋಮೀಟರ್, ಚಿಕ್ಕಮಗಳೂರಿನಿಂದ 250 ದಾಟುತ್ತದೆ. ಮಂಗಳೂರಿನ ಬಜ್ಪೆ ಹಾಸನಕ್ಕೆ ಸ್ವಲ್ಪ ಹತ್ತಿರ, ಮೂಡಿಗೆರೆ, ಸಕಲೇಶಪುರದವರಿಗಂತೂ ಬಹಳ ಹತ್ತಿರ. ಮುಂಬೈ, ಗಲ್ಫ್ ಕಡೆ ಹೋಗುವವರು ಮಂಗಳೂರನ್ನು ನೋಡದೆ ಬುಕ್ ಮಾಡಲೇಬಾರದು. 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ಚಿಕ್ಕಮಗಳೂರಿಗೆ ತರೀಕೆರೆ ದಾರಿಯಲ್ಲಿ ನೂರು ಕಿಲೋಮೀಟರ್ ಒಳಗೇ ಸಿಗುತ್ತದೆ. ಅಲ್ಲಿ ಹಾರಾಟಗಳು ಕಡಿಮೆ. ಎಪ್ಪತ್ತೆಂಬತ್ತು ಸೀಟಿನ ಚಿಕ್ಕ ಎಟಿಆರ್ ವಿಮಾನ ಬಂದರೆ ಅಗ್ಗದ ಗುಂಪಿನ ಸೀಟೂ ಕಡಿಮೆ, ಬೇಗ ಖಾಲಿಯಾಗುತ್ತವೆ. ಮೈಸೂರಿನ ಮಂಡಕಳ್ಳಿಯದ್ದೂ ಹೆಚ್ಚೂಕಡಿಮೆ ಇದೇ ಕಥೆ.

ಈಗ ಹಾಳೆ ತೆಗೆದುಕೊಳ್ಳಿ. ಪ್ರತಿ ನಿಲ್ದಾಣಕ್ಕೂ ಒಂದು ಸಾಲು ಹಾಕಿ: ಎಲ್ಲರ ಟಿಕೆಟ್ ಮೊತ್ತ, ಮನೆಯಿಂದ ನಿಲ್ದಾಣಕ್ಕೆ ಖರ್ಚು, ವಾಪಸು ಬರುವ ಖರ್ಚು, ರಾತ್ರಿ ತಂಗಬೇಕಾದರೆ ಲಾಡ್ಜ್ ಬಾಡಿಗೆ, ಊಟ. ಕೂಡಿಸಿ.

ಉದಾಹರಣೆಗೆ, ಹಾಸನದ ಗಂಡ ಹೆಂಡತಿ ದೆಹಲಿಗೆ ಹೊರಟಿದ್ದಾರೆ ಅಂದುಕೊಳ್ಳಿ. ಬೆಳಿಗ್ಗೆ 5.30ರ ವಿಮಾನ ಮಧ್ಯಾಹ್ನದ್ದಕ್ಕಿಂತ ತಲಾ 700 ರೂಪಾಯಿ ಕಡಿಮೆ ಇದೆ. ಇಬ್ಬರಿಗೆ 1,400 ಉಳಿಯಿತು. ಆದರೆ ಮೂರೂವರೆಗೆ ನಿಲ್ದಾಣದಲ್ಲಿರಬೇಕು. ರಾತ್ರಿಯೇ ಹೊರಟು ಅಲ್ಲೇ ಕುರ್ಚಿಯಲ್ಲಿ ತೂಕಡಿಸಬೇಕು, ಇಲ್ಲವೇ ದೇವನಹಳ್ಳಿ ಹತ್ತಿರ ಕೋಣೆ ಹಿಡಿಯಬೇಕು, ಇಲ್ಲವೇ ಟ್ಯಾಕ್ಸಿ ಮಾಡಬೇಕು. 1,400 ಅಲ್ಲಿಗೆ ಹೋಯಿತು. ಮಧ್ಯಾಹ್ನ ಎರಡರ ವಿಮಾನವಾದರೆ ಮುಂಜಾನೆ ಬಸ್ಸು ಹತ್ತಿ, ಮೆಜೆಸ್ಟಿಕ್‌ನಲ್ಲಿ ವಿಮಾನ ನಿಲ್ದಾಣದ ವಾಯುವಜ್ರ ಬಸ್ಸು ಹಿಡಿದು ನೆಮ್ಮದಿಯಾಗಿ ತಲುಪಬಹುದು. ನಮ್ಮ ಕಡೆಯವರಿಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರೊಳಗೆ ಹೊರಡುವ ವಿಮಾನ ಕೊಂಚ ದುಬಾರಿಯಾದರೂ ಒಟ್ಟಿನಲ್ಲಿ ಅಗ್ಗ ಎಂಬುದು ನನ್ನ ಅಭಿಪ್ರಾಯ. ವಾಪಸು ಬರುವಾಗಲೂ ಅಷ್ಟೇ. ರಾತ್ರಿ ಹನ್ನೊಂದಕ್ಕೆ ಇಳಿಯುವ ಅಗ್ಗದ ವಿಮಾನ ನಿಮ್ಮನ್ನು ಟ್ಯಾಕ್ಸಿಯವರ ಕೈಗೆ ಒಪ್ಪಿಸುತ್ತದೆ.

ದಾರಿಯ ವಿಷಯದಲ್ಲಿ ಎರಡು ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ, ಚಾರ್ಮಾಡಿ ಎರಡನ್ನೂ ನಂಬಿ ಬಿಗಿಯಾದ ಸಮಯ ಇಟ್ಟುಕೊಳ್ಳಬೇಡಿ. ಗುಡ್ಡ ಕುಸಿದರೆ ವಿಮಾನ ನಿಮಗಾಗಿ ಕಾಯುವುದಿಲ್ಲ, ತಪ್ಪಿದ ಟಿಕೆಟ್‌ಗೆ ದುಡ್ಡೂ ಸರಿಯಾಗಿ ಬರುವುದಿಲ್ಲ. ಮಳೆ ಜೋರಿದ್ದರೆ ಹಿಂದಿನ ದಿನವೇ ಮಂಗಳೂರು ಸೇರಿಕೊಳ್ಳಿ, ಅಥವಾ ಆ ತಿಂಗಳುಗಳಲ್ಲಿ ಬೆಂಗಳೂರನ್ನೇ ಆರಿಸಿ. ಎರಡನೆಯದು ಭಾನುವಾರ ಸಂಜೆ. ಮುಳ್ಳಯ್ಯನಗಿರಿ, ಸಕಲೇಶಪುರ ನೋಡಲು ಬಂದ ಬೆಂಗಳೂರಿನ ಕಾರುಗಳೆಲ್ಲ ಆ ಹೊತ್ತಿಗೆ ವಾಪಸು ಹೊರಟಿರುತ್ತವೆ. ನೆಲಮಂಗಲದಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರೋ ದೇವರೇ ಬಲ್ಲ. ಭಾನುವಾರ ರಾತ್ರಿಯ ಟಿಕೆಟ್ ಹೇಗೂ ದುಬಾರಿ, ಹಾಗಾಗಿ ಬಿಟ್ಟುಬಿಡಲು ಎರಡು ಕಾರಣ ಸಿಕ್ಕಿತು.

3. ಕೊಳ್ಳುವ ದಿನಕ್ಕಿಂತ ಹಾರುವ ದಿನವನ್ನು ಆರಿಸಿ

ನಿಜವಾದ ಉಳಿತಾಯ ಇರುವುದು ಇಲ್ಲಿ. ಯಾವ ವಾರ ಬುಕ್ ಮಾಡಿದಿರಿ ಎನ್ನುವುದರಿಂದ ಬರುವ ವ್ಯತ್ಯಾಸಕ್ಕಿಂತ ಯಾವ ದಿನ ಹಾರುತ್ತೀರಿ ಎನ್ನುವುದರಿಂದ ಬರುವ ವ್ಯತ್ಯಾಸ ಅನೇಕ ಸಲ ದೊಡ್ಡದು.

ವಾರದಲ್ಲಿ ಮಂಗಳವಾರ, ಬುಧವಾರ, ಶನಿವಾರ ಮಧ್ಯಾಹ್ನ ಸಾಮಾನ್ಯವಾಗಿ ಕಡಿಮೆ. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಸೋಮವಾರ ಬೆಳಿಗ್ಗೆ ಜಾಸ್ತಿ, ಯಾಕೆಂದರೆ ಆಫೀಸಿನವರು ಓಡಾಡುವ ಹೊತ್ತು ಅದು. ಮಂಗಳವಾರದ ಕಥೆ ಇಲ್ಲಿಂದಲೇ ಹುಟ್ಟಿರಬೇಕು: ಅಗ್ಗವಾದದ್ದು ಆ ದಿನದ ಹಾರಾಟ, ಆ ದಿನದ ಬುಕಿಂಗ್ ಅಲ್ಲ.

ವರ್ಷದಲ್ಲಿ ಮಳೆಗಾಲವೇ ವಿಮಾನ ಕಂಪನಿಗಳಿಗೆ ಸೊರಗಿದ ಕಾಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಶಾಲೆ ನಡೆಯುತ್ತಿರುತ್ತದೆ, ಆಷಾಢದಲ್ಲಿ ಮದುವೆ ಇಲ್ಲ, ಪ್ರವಾಸಿಗರೂ ಕಡಿಮೆ. ಆಗಸ್ಟ್ 15ರ ಆಸುಪಾಸಿನ ಉದ್ದ ವಾರಾಂತ್ಯ, ಗೌರಿ-ಗಣೇಶ ಹಬ್ಬ ಬಿಟ್ಟು ಉಳಿದ ದಿನಗಳಲ್ಲಿ ಒಳ್ಳೆಯ ದರ ಸಿಗುತ್ತದೆ. ದಸರಾದಿಂದ ದೀಪಾವಳಿವರೆಗೆ, ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ, ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ ದುಬಾರಿ. ಹಾಸನಾಂಬೆಯ ಬಾಗಿಲು ತೆರೆಯುವುದೂ ದೀಪಾವಳಿ ಹೊತ್ತಿಗೇ. ದೂರದಿಂದ ಮಕ್ಕಳು ದರ್ಶನಕ್ಕೆ ಬರುವುದಾದರೆ ಅವರ ಟಿಕೆಟನ್ನು ಜುಲೈ, ಆಗಸ್ಟ್‌ನಲ್ಲೇ ನೋಡಿಬಿಡಿ.

ಕಾಫಿ ತೋಟದವರಿಗೆ ಒಂದು ಮಾತು. ನವೆಂಬರ್‌ನಿಂದ ಫೆಬ್ರವರಿವರೆಗೆ ಕೊಯ್ಲು ಬಿಟ್ಟು ಎಲ್ಲಿಗೂ ಹೋಗಲಾಗದು. ಕೊಯ್ಲು ಮುಗಿದ ಮೇಲೆ ಹೆಚ್ಚಿನವರು ಮಕ್ಕಳ ರಜೆ ನೋಡಿಕೊಂಡು ಏಪ್ರಿಲ್, ಮೇನಲ್ಲಿ ಹೊರಡುತ್ತಾರೆ, ಅದೇ ದುಬಾರಿ ಕಾಲ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಮಾರ್ಚ್‌ನಲ್ಲೇ ಹೋಗಿಬನ್ನಿ. ಅದು ಪರೀಕ್ಷೆಯ ತಿಂಗಳು, ಮಕ್ಕಳಿರುವ ಮನೆಯವರು ಊರು ಬಿಡುವುದಿಲ್ಲ. ಹೋಳಿ, ಯುಗಾದಿಯ ದಿನಗಳನ್ನು ಮಾತ್ರ ತಪ್ಪಿಸಿ. ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಿಸಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ ಎನ್ನುತ್ತೀರಿ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಗಲ್ಫ್‌ನಲ್ಲಿ ಮಕ್ಕಳಿರುವವರು ದಿಕ್ಕನ್ನೂ ಗಮನಿಸಬೇಕು. ಅಲ್ಲಿನ ಶಾಲೆಗಳಿಗೆ ಜೂನ್ ಕೊನೆ, ಜುಲೈ ಆರಂಭದಿಂದ ಆಗಸ್ಟ್ ಕೊನೆಯವರೆಗೆ ರಜೆ. ಆಗ ಅಲ್ಲಿಂದ ಊರಿಗೆ ಬರುವ ಟಿಕೆಟ್ ಗಗನಕ್ಕೇರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭದಲ್ಲಿ ಇಲ್ಲಿಂದ ಅಲ್ಲಿಗೆ ಹೋಗುವ ಟಿಕೆಟ್ ಏರುತ್ತದೆ. ಅಪ್ಪ ಅಮ್ಮ ಇದಕ್ಕೆ ತಿರುಗುಮುರುಗಾಗಿ, ಜುಲೈನಲ್ಲಿ ಮಂಗಳೂರಿಂದ ಹೋಗಿ ಆಗಸ್ಟ್ ಕೊನೆಯಲ್ಲಿ ವಾಪಸು ಬಂದರೆ ಎರಡೂ ಕಡೆ ಕಡಿಮೆ ಬೀಳುವ ಸಂಭವ ಹೆಚ್ಚು. ಅಲ್ಲಿನ ಬಿಸಿಲು ಮಾತ್ರ ತಡೆದುಕೊಳ್ಳಬೇಕು. ರಂಜಾನ್, ಬಕ್ರೀದ್ ದಿನಗಳು ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತವೆ, ಆದ್ದರಿಂದ ಹೋದ ವರ್ಷದ ಲೆಕ್ಕ ಈ ವರ್ಷ ನಡೆಯದು.

4. ಎರಡು ವಾರ ದರ ಗಮನಿಸಿ, ನಿಮ್ಮ ಮಿತಿ ಬರೆದುಕೊಳ್ಳಿ

ಗೂಗಲ್ ಫ್ಲೈಟ್ಸ್ ತೆರೆದು ಊರು, ತಾರೀಕು ಹಾಕಿ. ತಾರೀಕಿನ ಮೇಲೆ ಒತ್ತಿದರೆ ಕ್ಯಾಲೆಂಡರ್‌ನಲ್ಲಿ ಪ್ರತಿ ದಿನದ ಕೆಳಗೂ ದರ ಕಾಣುತ್ತದೆ, ಅಗ್ಗದ ದಿನಗಳು ಹಸಿರಾಗಿರುತ್ತವೆ. ಸ್ಕೈಸ್ಕ್ಯಾನರ್‌ನಲ್ಲಿ ಇಡೀ ತಿಂಗಳನ್ನು ಒಟ್ಟಿಗೆ ನೋಡಬಹುದು. ದರದ ಮೇಲೆ ಕಣ್ಣಿಡುವ ಸೌಲಭ್ಯವನ್ನು ಆನ್ ಮಾಡಿದರೆ ಏರಿದಾಗ ಇಳಿದಾಗ ಮೇಲ್ ಬರುತ್ತದೆ. ಇದನ್ನು ಬುಕ್ ಮಾಡಬೇಕೆಂದಿರುವ ಹೊತ್ತಿಗಿಂತ ಎರಡು ವಾರ ಮೊದಲೇ ಶುರುಮಾಡಿ.

ಹಾಳೆಯ ಹಿಂಬದಿಯಲ್ಲಿ ಕಂಡ ಅತಿ ಕಡಿಮೆ ದರ, ಅತಿ ಹೆಚ್ಚು ದರ ಬರೆಯುತ್ತಾ ಹೋಗಿ. ಎರಡು ವಾರದಲ್ಲಿ ಆ ಮಾರ್ಗದ ದರ ಎಲ್ಲಿಂದ ಎಲ್ಲಿಗೆ ಆಡುತ್ತದೆಂದು ಗೊತ್ತಾಗುತ್ತದೆ. ಕಡಿಮೆ ದರಕ್ಕೆ ಹತ್ತಿರ ಬಂದ ದಿನ ತೆಗೆದುಬಿಡಿ. ಇನ್ನೂ ಇಳಿಯಲಿ ಎಂದು ಕೂರುವವರೇ ಕೊನೆಗೆ ಹೆಚ್ಚು ಕೊಡುವುದು. ಕಾಫಿ ಮೂಟೆಯನ್ನಾದರೆ ಗೋದಾಮಿನಲ್ಲಿಟ್ಟು ಬೆಲೆ ಏರಲಿ ಎಂದು ಮುಂದಿನ ವರ್ಷದವರೆಗೂ ಕಾಯಬಹುದು. ವಿಮಾನದ ಟಿಕೆಟ್‌ಗೆ ಹೊರಡುವ ತಾರೀಕು ಎಂಬ ಗಡುವಿದೆ, ಆ ಗಡುವು ಕಂಪನಿಗೂ ಗೊತ್ತಿದೆ. ಕೊನೆಯ ಎರಡು ವಾರಗಳಲ್ಲಿ ಕೊಳ್ಳುವವರು ಬೇರೆ ದಾರಿಯಿಲ್ಲದವರು ಎಂದು ತಿಳಿದೇ ಅವರು ದರ ಇಡುತ್ತಾರೆ.

ತೀರಾ ಮೊದಲೇ, ಹತ್ತು ಹನ್ನೊಂದು ತಿಂಗಳು ಮುಂಚೆ ಕೊಳ್ಳುವುದೂ ಸಾಮಾನ್ಯವಾಗಿ ಅಗ್ಗವಲ್ಲ. ಅಷ್ಟು ಹೊತ್ತಿಗೆ ಕಂಪನಿಗೆ ದರ ಇಳಿಸುವ ತುರ್ತಿರುವುದಿಲ್ಲ. ಮತ್ತೊಂದು ತೊಡಕೂ ಇದೆ. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ: ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಈ ಗೆರೆಯಾಚೆಯ ತಾರೀಕಿಗೆ ಬಹಳ ಮುಂಚೆ ತೆಗೆದ ಟಿಕೆಟ್‌ನ ಸಮಯ ಹಿಂದೆ ಮುಂದೆ ಆಗಬಹುದು. ಬೆಂಗಳೂರಿನವರಿಗೆ ಅದರಿಂದ ತೊಂದರೆಯಿಲ್ಲ. ಮಧ್ಯಾಹ್ನ ಎರಡರ ವಿಮಾನ ಬೆಳಿಗ್ಗೆ ಆರಕ್ಕೆ ಸರಿದರೆ ನಮ್ಮ ಇಡೀ ಲೆಕ್ಕ ಬುಡಮೇಲು.

5. 'ಸೇಲ್' ಬಂದಾಗ

ಸೇಲ್‌ಗೆ ಎರಡು ಅವಧಿ ಇರುತ್ತದೆ. ಬುಕ್ ಮಾಡುವ ಅವಧಿ ಒಂದು, ಪ್ರಯಾಣಿಸುವ ಅವಧಿ ಇನ್ನೊಂದು. ಜಾಹೀರಾತಿನಲ್ಲಿ ಮೊದಲನೆಯದು ದೊಡ್ಡಕ್ಷರದಲ್ಲಿ, ಎರಡನೆಯದು ಇರುವೆ ಸಾಲಿನಂತೆ. ಹಬ್ಬ, ರಜೆಯ ದಿನಗಳನ್ನು ಹೊರಗಿಟ್ಟಿರುತ್ತಾರೆ. 'ಇಷ್ಟು ರೂಪಾಯಿಯಿಂದ ಆರಂಭ' ಎನ್ನುವ ದರ ಯಾವುದೋ ಚಿಕ್ಕ ಮಾರ್ಗದ್ದು. ನಿಮ್ಮ ಹಾಳೆಯಲ್ಲಿ ಬರೆದ ಕಡಿಮೆ ದರಕ್ಕಿಂತ ಇದು ಕಡಿಮೆ ಇದ್ದರೆ ಮಾತ್ರ ಅದು ನಿಮ್ಮ ಪಾಲಿಗೆ ಸೇಲ್.

6. ದುಡ್ಡು ಕಟ್ಟುವ ಪುಟದಲ್ಲಿ ನಿಧಾನ

ಮೊದಲ ಪುಟದ ದರ ಕೊನೆಯ ಪುಟದಲ್ಲಿ ಉಳಿಯುವುದು ಅಪರೂಪ. ಮೂಲ ದರದ ಮೇಲೆ ಎಕಾನಮಿ ಟಿಕೆಟ್‌ಗೆ ಶೇ 5 ಜಿಎಸ್‌ಟಿ, ನಿಲ್ದಾಣದ ಬಳಕೆದಾರರ ಶುಲ್ಕ ಸೇರುತ್ತವೆ, ಇವು ತಪ್ಪುವುದಿಲ್ಲ. ಮೇಲಿಂದ 'ಕನ್ವೀನಿಯನ್ಸ್ ಫೀ', ಅಂದರೆ ಆನ್‌ಲೈನ್ ಬುಕಿಂಗ್‌ನ ಸೇವಾ ಶುಲ್ಕ ಬರುತ್ತದೆ. ಇದು ಸೈಟಿನಿಂದ ಸೈಟಿಗೆ, ಕಾರ್ಡಿನಿಂದ ಯುಪಿಐಗೆ ಬೇರೆಯಾಗಬಹುದು, ಹೋಲಿಸಿ ನೋಡಿ. ವಿಮೆ, ಊಟ, ಸೀಟು ಎಂದು ಮೊದಲೇ ಟಿಕ್ ಆಗಿದ್ದರೆ ತೆಗೆಯಿರಿ. ಸೀಟು ಆರಿಸದೆಯೂ ಮುಂದೆ ಹೋಗಬಹುದು, ಚೆಕ್-ಇನ್ ಮಾಡುವಾಗ ಅವರೇ ಒಂದು ಕೊಡುತ್ತಾರೆ.

ಲಗೇಜಿನ ಸಾಲನ್ನು ತಪ್ಪದೆ ಓದಿ. ದೇಶದೊಳಗೆ ಸಾಮಾನ್ಯವಾಗಿ ಕೌಂಟರ್‌ನಲ್ಲಿ ಕೊಡಲು 15 ಕಿಲೋ, ಕೈಯಲ್ಲಿ 7 ಕಿಲೋ. ಆದರೆ 'ಲೈಟ್' ಎನ್ನುವ ಅಗ್ಗದ ಟಿಕೆಟ್‌ನಲ್ಲಿ ಕೌಂಟರ್ ಲಗೇಜು ಇರುವುದಿಲ್ಲ. ಕೈಚೀಲದಲ್ಲಿ ಹೋಗಿ ಬರುವವರಿಗೆ ಅದು ಲಾಭ. ಮಗಳ ಮನೆಗೆ ಕಾಫಿಪುಡಿ, ಹಪ್ಪಳ, ಉಪ್ಪಿನಕಾಯಿ ಹೊತ್ತು ಹೊರಟವರಿಗಲ್ಲ. ತೂಕ ಹೆಚ್ಚಾಗುವುದು ಖಚಿತವಿದ್ದರೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಹೆಚ್ಚುವರಿ ಕಿಲೋ ಕೊಳ್ಳಿ, ಕೌಂಟರ್‌ನಲ್ಲಿ ಹೆಚ್ಚು ಕೀಳುತ್ತಾರೆ.

ವಿದ್ಯಾರ್ಥಿಗಳು, 60 ದಾಟಿದವರು, ಸೇನೆಯವರಿಗೆ ಕೆಲವು ಕಂಪನಿಗಳಲ್ಲಿ ಪ್ರತ್ಯೇಕ ರಿಯಾಯಿತಿ ಇದೆ, ಹುಡುಕುವ ಮೊದಲೇ ಆ ಗುಂಡಿ ಒತ್ತಬೇಕು. ಗುರುತಿನ ಚೀಟಿ ಜೊತೆಗಿರಲಿ. ಕೆಲವೊಮ್ಮೆ ಸಾಮಾನ್ಯ ದರವೇ ರಿಯಾಯಿತಿ ದರಕ್ಕಿಂತ ಕಡಿಮೆ ಇರುತ್ತದೆ, ಎರಡನ್ನೂ ನೋಡಿ.

ಹೆಸರಿನಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ಆಧಾರ್‌ನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ತಂದೆಯ ಪೂರ್ತಿ ಹೆಸರು, ಊರಿನ ಹೆಸರೂ ಸೇರಿರುತ್ತದೆ. ಯಾವ ದಾಖಲೆ ತೋರಿಸಿ ಹತ್ತುತ್ತೀರೋ ಅದರಲ್ಲಿರುವಂತೆಯೇ ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು ಯುಎಇಗೆ ವಿಸಿಟ್ ವೀಸಾದಲ್ಲಿ ಹೊರಟಿದ್ದರೆ, ಟಿಕೆಟ್ ತೆಗೆಯುವ ಮೊದಲು ವೀಸಾ ವಿಷಯ ಇತ್ಯರ್ಥ ಮಾಡಿಕೊಳ್ಳಿ. 2022ರ ಕೊನೆಯಿಂದ ಅಲ್ಲಿ ಅದಕ್ಕೆ ನಿರ್ಬಂಧವಿದೆ.

ದರ ಹುಡುಕಲು ಏಜೆಂಟ್ ಸೈಟು, ಕೊಳ್ಳಲು ಕಂಪನಿಯ ಸ್ವಂತ ಸೈಟು. ಸ್ವಲ್ಪವೇ ವ್ಯತ್ಯಾಸವಿದ್ದರೆ ನಾನು ಹೀಗೇ ಹೇಳುವುದು. ರದ್ದು, ಬದಲಾವಣೆ, ಹೆಸರು ತಿದ್ದುಪಡಿ ಬಂದಾಗ ನಡುವೆ ಇನ್ನೊಬ್ಬರಿಲ್ಲದಿದ್ದರೆ ಅರ್ಧ ತಲೆನೋವು ಕಡಿಮೆ.

ಬೆಂಗಳೂರಿನಲ್ಲೋ ಮುಂಬೈಯಲ್ಲೋ ವಿಮಾನ ಬದಲಿಸುವುದಿದ್ದರೆ ಎರಡೂ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಕೊಂಡರೆ ಅಗ್ಗವಾಗಬಹುದು, ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಜವಾಬ್ದಾರಿ ಯಾರದ್ದೂ ಅಲ್ಲ. ಹೋಗಿಬರುವ ಟಿಕೆಟ್ ದೇಶದೊಳಗೆ ಒಟ್ಟಿಗೆ ಕೊಂಡರೂ ಬಿಡಿಬಿಡಿಯಾಗಿ ಕೊಂಡರೂ ಹೆಚ್ಚು ಫರಕಿಲ್ಲ. ದೂರದ ವಿದೇಶಕ್ಕಾದರೆ ಒಟ್ಟಿಗೆ ಕೊಳ್ಳುವುದೇ ಬಹುತೇಕ ಅಗ್ಗ.

7. ಬುಕ್ ಆದ ಮೇಲೂ ಎರಡು ದಿನ ಇದೆ

ನಾಗರಿಕ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಂತೆ ಬುಕ್ ಮಾಡಿದ ಮೊದಲ 48 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡುವ, ಬದಲಿಸುವ ಅವಕಾಶ ಇದೆ. ಪ್ರಯಾಣದ ದಿನ ತೀರಾ ಹತ್ತಿರವಿದ್ದರೆ ಇದು ಅನ್ವಯಿಸುವುದಿಲ್ಲ, ಎಷ್ಟು ದಿನ ಎಂಬುದನ್ನು ಕಂಪನಿಯ ಷರತ್ತಿನ ಪುಟದಲ್ಲಿ ಓದಿಕೊಳ್ಳಿ. ಮಾರನೆಯ ದಿನ ಬೆಳಿಗ್ಗೆ ಒಂದು ಸಲ ದರ ನೋಡಿ. ದೊಡ್ಡ ಮೊತ್ತ ಇಳಿದಿದ್ದರೆ ಹಳೆಯದನ್ನು ರದ್ದು ಮಾಡಿ ಹೊಸದು ತೆಗೆಯಬಹುದು. ಆಮೇಲೆ ಆ ಮಾರ್ಗದ ದರ ನೋಡುವುದನ್ನೇ ಬಿಡಿ, ಸುಮ್ಮನೆ ಹೊಟ್ಟೆಯುರಿ.

'ನಾನ್ ರಿಫಂಡಬಲ್' ಎಂದು ಬರೆದಿದ್ದರೆ ಬಿಡಿಗಾಸೂ ಬರುವುದಿಲ್ಲ ಎಂದು ಕೈಬಿಡಬೇಡಿ. ವಾಪಸು ಸಿಗದ್ದು ಟಿಕೆಟ್‌ನ ದರ. ಸರ್ಕಾರಿ ತೆರಿಗೆ, ನಿಲ್ದಾಣದ ಬಳಕೆದಾರರ ಶುಲ್ಕವನ್ನು ಕಂಪನಿ ಮರಳಿಸಲೇಬೇಕು. ಹೋಗಲಾಗದಿದ್ದರೆ ಸುಮ್ಮನಿರದೆ ಟಿಕೆಟ್ ರದ್ದು ಮಾಡಿ ಕೇಳಿ. ಕಂಪನಿಯೇ ಹಾರಾಟ ರದ್ದು ಮಾಡಿದರೆ ಪೂರ್ತಿ ಹಣ ಅಥವಾ ಬೇರೆ ವಿಮಾನ, ಎರಡರಲ್ಲಿ ಒಂದನ್ನು ಆರಿಸುವ ಹಕ್ಕು ನಿಮ್ಮದು.

ಹಣ ವಾಪಸಿಗಾಗಿ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಫೋನ್ ಮಾಡಬೇಡಿ. ಅಲ್ಲಿ ಕಳ್ಳ ನಂಬರುಗಳು ತುಂಬಿವೆ. ಯಾವುದೋ ಆ್ಯಪ್ ಹಾಕಿಸಿ, ಒಟಿಪಿ ಕೇಳಿ ಖಾತೆ ಬರಿದು ಮಾಡುತ್ತಾರೆ. ಕಂಪನಿಯ ಸೈಟಿನಲ್ಲಿರುವ ನಂಬರಿಗೇ ಮಾಡಿ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪನಿ ಸತಾಯಿಸಿದರೆ ಕೇಂದ್ರ ಸರ್ಕಾರದ 'ಏರ್‌ಸೇವಾ' ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ನಾಳೆಯೇ ಹೊರಡಬೇಕಾದವರಿಗೆ

ಸಾವು, ಆಸ್ಪತ್ರೆ, ಇಂಟರ್‌ವ್ಯೂ ಹೇಳಿ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಮೇಲಿನ ವಾರಗಳ ಲೆಕ್ಕ ಕೆಲಸಕ್ಕೆ ಬಾರದು. ನಾಲ್ಕೂ ನಿಲ್ದಾಣಗಳಿಂದ ಒಂದೊಂದು ಸಲ ಹುಡುಕಿ. ಹೋಗುವ ಊರಿನ ಪಕ್ಕದ ನಿಲ್ದಾಣವನ್ನೂ ನೋಡಿ: ಮುಂಬೈಗೆ ಪುಣೆ, ವಾರಾಣಸಿಗೆ ಪ್ರಯಾಗರಾಜ್. ಹೈದರಾಬಾದ್, ಚೆನ್ನೈನಷ್ಟು ದೂರವಾದರೆ ಬೆಂಗಳೂರಿಂದ ರಾತ್ರಿ ಬಸ್ಸೋ ರೈಲೋ ಹಿಡಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ರೈಲಿನ ತತ್ಕಾಲ್ ಟಿಕೆಟ್ ಹಿಂದಿನ ದಿನ ಎಸಿ ತರಗತಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಆ ದಿನ ವಿಮಾನವೇ ಬೇಕಾದರೆ ವಾಪಸು ಟಿಕೆಟನ್ನು ಅದರ ಜೊತೆಗೇ ತೆಗೆಯಬೇಡಿ. ಅಲ್ಲಿ ಎಷ್ಟು ದಿನ ಇರಬೇಕಾಗುತ್ತದೋ ತಿಳಿದ ಮೇಲೆ ತೆಗೆದರೆ ರದ್ದಿನ ದಂಡವಾದರೂ ಉಳಿಯುತ್ತದೆ.